ಹೆಸರು, ಎರಡು ಇಸವಿ, ಬೇರೇನೂ ಬೇಡ: ಕೊಲೊಂಬೆ ಸ್ಮಶಾನದ ಪ್ರಕರಣ

ಊರಿನ ಹೆಸರಿನಲ್ಲಿ ಎರಡು ಚರ್ಚುಗಳಿವೆ, ಊರೊಳಗೆ ಹೋದವರಿಗೆ ಸಿಗುವುದು ಒಂದೇ. ಕೊಲೊಂಬೆ-ಲೆ-ದ್ಯೂಝ್-ಎಗ್ಲೀಝ್, ಅಂದರೆ ‘ಎರಡು ಚರ್ಚುಗಳ ಕೊಲೊಂಬೆ’. ಫ್ರಾನ್ಸಿನ ಪೂರ್ವಕ್ಕೆ, ಓತ್-ಮಾರ್ನ್ ಜಿಲ್ಲೆಯ ಹೊಲ-ಕಾಡುಗಳ ನಡುವೆ ಕೆಲವೇ ನೂರು ಜನರ ಹಳ್ಳಿ. ಇರುವ ಆ ಒಂದು ಚರ್ಚಿನ ಮಗ್ಗುಲಲ್ಲೇ ಊರ ಸ್ಮಶಾನ. ಗೇಟು ದಾಟಿ ನಾಲ್ಕು ಹೆಜ್ಜೆ ಹಾಕಿದರೆ ರೈತರ, ಕೂಲಿಯವರ, ಅಂಗಡಿಯವರ ಸಮಾಧಿಗಳು. ಅವುಗಳ ನಡುವೆ ಒಂದು ಬಿಳಿ ಶಿಲುಬೆಯ ಕೆಳಗೆ ಅಪ್ಪ, ಅಮ್ಮ, ಮಗಳು ಒಟ್ಟಿಗೆ ಮಲಗಿದ್ದಾರೆ. ಅಪ್ಪನ ಹೆಸರು ಚಾರ್ಲ್ಸ್ ಡಿ ಗಾಲ್, ಎರಡನೆಯ ಮಹಾಯುದ್ಧದಲ್ಲಿ ಸ್ವತಂತ್ರ ಫ್ರಾನ್ಸನ್ನು ಮುನ್ನಡೆಸಿ ಮುಂದೆ ದೇಶದ ರಾಷ್ಟ್ರಪತಿಯಾದವರು.

ಪ್ರಕರಣ ಅಧ್ಯಯನದಲ್ಲಿ ಹೆಸರುಗಳನ್ನು ಮರೆಮಾಚುವುದು ರೂಢಿ. ಈ ಹೆಸರನ್ನು ಮರೆಮಾಚಲು ಹೋದರೆ ನಗೆಪಾಟಲಾದೀತು. ಪದವಿಯ ಕಾರಣಕ್ಕೆ ಚರಿತ್ರೆಯ ಪುಟಕ್ಕೆ ಬಂದವರನ್ನೂ ಆ ಮನೆಯವರನ್ನೂ ಹೆಸರಿಟ್ಟೇ ಕರೆದಿದ್ದೇನೆ. ಊರಿನವರನ್ನು ಮಾತ್ರ ಹಾಗೆ ಎಳೆದು ತಂದಿಲ್ಲ. ಬಡಗಿ ಇಲ್ಲಿ ಬಡಗಿ, ಮೇಯರ್ ಇಲ್ಲಿ ಮೇಯರ್. 2017ರಲ್ಲಿ ಆ ಸಮಾಧಿಯ ಶಿಲುಬೆಗೆ ಒದ್ದವನಿಗೂ ಹೆಸರಿಲ್ಲ. ಅವನಿಗೆ ಬೇಕಿದ್ದದ್ದೇ ಹೆಸರು ಇರಬಹುದು ಎಂಬ ಅನುಮಾನ ನನಗಿದೆ.

ಸ್ಮಶಾನ ಸಮಿತಿಗಳಲ್ಲಿ ಕೆಲಸ ಮಾಡುವವರು, ಹಿರಿಯರ ಕೊನೆಯ ಇಚ್ಛೆ ನಡೆಸಿಕೊಡುವ ಹೊಣೆ ಹೊತ್ತವರು ಈ ಪ್ರಕರಣವನ್ನು ನೋಡಬೇಕು ಅನ್ನಿಸಿದ್ದು ಒಂದೇ ಕಾರಣಕ್ಕೆ. ‘ಏನೂ ಆಡಂಬರ ಬೇಡ’ ಎಂದು ಹೇಳಿ ಹೋದ ದೊಡ್ಡವರು ಬಹಳ ಮಂದಿ ಇದ್ದಾರೆ. ಹಾಗೆ ಹೇಳಿದ ಮೇಲೆ ನಿಜಕ್ಕೂ ಆಡಂಬರ ಆಗದೆ ಉಳಿದದ್ದು ಕಡಿಮೆ. ಕೊಲೊಂಬೆಯಲ್ಲಿ ಬಹುಪಾಲು ಆಗಲಿಲ್ಲ. ಯಾಕೆ ಆಗಲಿಲ್ಲ, ಆಮೇಲೆ ಏನೇನಾಯಿತು ಎಂಬುದೇ ಈ ಬರಹ.

ಮೊದಲು ಮಗಳು

ಡಿ ಗಾಲ್ ಕೊಲೊಂಬೆಯವರಲ್ಲ. ಹುಟ್ಟಿದ್ದು 1890ರ ನವೆಂಬರ್ 22ರಂದು, ಉತ್ತರದ ಲೀಲ್ ಪಟ್ಟಣದಲ್ಲಿ. ಸೇನಾಧಿಕಾರಿಯಾಗಿ ಊರೂರು ಸುತ್ತುತ್ತಿದ್ದಾಗ, 1934ರಲ್ಲಿ, ಈ ಹಳ್ಳಿಯ ಅಂಚಿನಲ್ಲಿದ್ದ ‘ಲಾ ಬ್ವಾಸೆರಿ’ ಎಂಬ ಮನೆಯನ್ನು ಕೊಂಡರು. ಒಮ್ಮೆಗೇ ಹಣ ಕೊಟ್ಟು ಕೊಂಡದ್ದಲ್ಲ. ಮಾರಿದ ಮುದುಕಿ ಬದುಕಿರುವವರೆಗೆ ವರ್ಷವರ್ಷ ಇಷ್ಟು ಎಂದು ಕಟ್ಟುವ, ಫ್ರಾನ್ಸಿನಲ್ಲಿ ಇಂದಿಗೂ ನಡೆಯುವ ಕರಾರು. ಪ್ಯಾರಿಸ್ಸಿಗೂ ಪೂರ್ವ ಗಡಿಯ ದಂಡುಗಳಿಗೂ ನಡುವೆ ಬರುವ ಜಾಗ ಎಂಬುದು ಒಂದು ಅನುಕೂಲ. ಇನ್ನೊಂದು ಕಾರಣ ಆನ್.

ಆನ್ ಅವರ ಕಿರಿಯ ಮಗಳು, 1928ರ ಜನವರಿ 1ರಂದು ಡೌನ್ ಸಿಂಡ್ರೋಮ್‌ನೊಂದಿಗೆ ಹುಟ್ಟಿದವಳು. ಅಂಥ ಮಕ್ಕಳನ್ನು ಸಂಸ್ಥೆಗಳಿಗೆ ಕಳಿಸಿ ಮರೆತುಬಿಡುವುದು ಅಂದಿನ ಮೇಲ್ವರ್ಗದ ಪದ್ಧತಿ. ಈ ದಂಪತಿ ಮಗಳನ್ನು ಮನೆಯಲ್ಲೇ ಇಟ್ಟುಕೊಂಡರು. ಅವಳಿಗೆ ತೋಟ, ಗೋಡೆ, ನೋಡಿ ಪಿಸುಗುಡುವ ಕಣ್ಣುಗಳಿಲ್ಲದ ಜಾಗ ಬೇಕಿತ್ತು. ಎತ್ತರದ ಆ ಮನುಷ್ಯ, ಯಾರ ಮುಂದೆಯೂ ಬಿಗುಮಾನ ಬಿಡದವರು, ಮಗಳ ಮುಂದೆ ಹಾಡಿ ಕುಣಿಯುತ್ತಿದ್ದರೆಂದು ಮನೆಯವರು ನೆನೆದಿದ್ದಾರೆ. 1948ರ ಫೆಬ್ರವರಿ 6ರಂದು ಆನ್ ಇಪ್ಪತ್ತರ ವಯಸ್ಸಿನಲ್ಲಿ ತೀರಿಕೊಂಡಳು. ಸಮಾಧಿಯ ಬಳಿ ಡಿ ಗಾಲ್ ಹೆಂಡತಿಗೆ ‘ಇನ್ನು ಅವಳೂ ಎಲ್ಲರಂತೆ’ ಎಂದರಂತೆ.

ಈ ಪ್ರಕರಣವನ್ನು ಬರೆಯುವವರು ಸಾಮಾನ್ಯವಾಗಿ 1970ರಿಂದ ಶುರು ಮಾಡುತ್ತಾರೆ. ನನ್ನ ಲೆಕ್ಕದಲ್ಲಿ ಶುರುವಾದದ್ದು 1948ರಲ್ಲಿ. ಆ ಸಮಾಧಿ ಮೊದಲು ಮಗಳದು. ಅಪ್ಪ ನಂತರ ಬಂದು ಸೇರಿಕೊಂಡವರು. ಮಹಾನಾಯಕನಿಗೆ ತಕ್ಕ ಜಾಗ ಯಾವುದು ಎಂಬ ಪ್ರಶ್ನೆಯೇ ಅಲ್ಲಿ ಏಳಲಿಲ್ಲ, ಯಾಕೆಂದರೆ ಜಾಗವನ್ನು ಮಗಳು ಆಗಲೇ ಹಿಡಿದಿಟ್ಟಿದ್ದಳು. ನಮ್ಮಲ್ಲಿ ಮುಖಂಡರೊಬ್ಬರು ತೀರಿಕೊಂಡ ದಿನ ಸಂಜೆಯೊಳಗೆ ಕೇಳಿಬರುವ ‘ಸ್ಮಾರಕಕ್ಕೆ ಎಷ್ಟು ಎಕರೆ’ ಎಂಬ ಚೌಕಾಸಿ ನೆನಪಿಸಿಕೊಳ್ಳಿ, ವ್ಯತ್ಯಾಸ ಗೊತ್ತಾಗುತ್ತದೆ.

ಸ್ಮಶಾನದ ಬಗ್ಗೆ ಒಂದು ಮಾತು. ನೋಡಲು ಅದು ಅಪ್ಪಟ ಕ್ಯಾಥೊಲಿಕ್ ಸ್ಮಶಾನ: ಚರ್ಚಿಗೆ ಅಂಟಿಕೊಂಡಿದೆ, ತುಂಬ ಶಿಲುಬೆಗಳಿವೆ. ಕಾಗದದ ಮೇಲೆ ಹಾಗಲ್ಲ. ಫ್ರಾನ್ಸಿನಲ್ಲಿ ಸ್ಮಶಾನ ಊರಾಡಳಿತದ ಸ್ವತ್ತು. ಮತಕ್ಕೊಂದು ಭಾಗ ಎಂದು ಸ್ಮಶಾನದೊಳಗೆ ಬೇಲಿ ಹಾಕುವುದನ್ನು 1881ರ ಕಾನೂನು ನಿಲ್ಲಿಸಿತು. 1905ರಲ್ಲಿ ಚರ್ಚು ಮತ್ತು ಸರ್ಕಾರ ಬೇರೆಬೇರೆಯಾದವು. ಗೇಟಿನ ಬೀಗ, ಒಳಗಿನ ಶಿಸ್ತು, ಯಾರನ್ನು ಎಲ್ಲಿ ಹೂಳಬಹುದು ಎಂಬ ಅನುಮತಿ ಮೇಯರ್ ಕೈಯಲ್ಲಿ. ಹೀಗಾಗಿ ಈ ಕತೆಯಲ್ಲಿ ಧರ್ಮಗುರುವಿನಷ್ಟೇ ಮುಖ್ಯ ಪಾತ್ರ ಹಳ್ಳಿಯ ಪಂಚಾಯಿತಿಯದು. ಡಿ ಗಾಲ್ ಇದನ್ನು ಮರೆತಿರಲಿಲ್ಲ.

ಜನವರಿ 16ರ ಕಾಗದ

1952ರ ಜನವರಿ 11ರಂದು ಫ್ರಾನ್ಸಿನ ಸೇನಾನಿ ದ ಲಾತ್ರ್ ತೀರಿಕೊಂಡರು. ಸರ್ಕಾರ ಅವರನ್ನು ದಿನಗಟ್ಟಲೆ ಸಕಲ ವೈಭವದೊಂದಿಗೆ ಕಳಿಸಿಕೊಟ್ಟಿತು. ಕೊನೆಗೆ ಅವರನ್ನು ಮಣ್ಣು ಮಾಡಿದ್ದೂ ಹುಟ್ಟೂರಿನ ಸಣ್ಣ ಸ್ಮಶಾನದಲ್ಲೇ, ಹಿಂದಿನ ವರ್ಷ ಇಂಡೋಚೈನಾ ಯುದ್ಧದಲ್ಲಿ ಸತ್ತ ಒಬ್ಬನೇ ಮಗನ ಪಕ್ಕದಲ್ಲಿ. ಇಬ್ಬರು ಸೇನಾನಿಗಳೂ ಕೊನೆಗೆ ಸೇರಿದ್ದು ಹಳ್ಳಿಯ ಮಣ್ಣನ್ನೇ, ಕಳೆದುಕೊಂಡ ಮಗುವಿನ ಮಗ್ಗುಲನ್ನೇ. ಬೇರೆಯಾದದ್ದು ಅಲ್ಲಿಗೆ ಹೋದ ದಾರಿ.

ದ ಲಾತ್ರ್ ಅಂತ್ಯಕ್ರಿಯೆಯ ಗದ್ದಲದ ಆ ವಾರದಲ್ಲೇ, ಜನವರಿ 16ರಂದು, ಡಿ ಗಾಲ್ ತಮ್ಮದನ್ನು ಬರೆದಿಟ್ಟರು. ಆಗ ಅವರ ಕೈಯಲ್ಲಿ ಅಧಿಕಾರ ಇರಲಿಲ್ಲ, ವಯಸ್ಸು ಅರವತ್ತೊಂದು. ಒಂದು ಪುಟ ದಾಟದ ಬರಹ. ಅದರ ಸಾರ ಹೀಗಿದೆ.

ಅಂತ್ಯಕ್ರಿಯೆ ಕೊಲೊಂಬೆಯಲ್ಲಿ ಆಗಬೇಕು. ಬೇರೆಲ್ಲಾದರೂ ಸತ್ತರೆ ದೇಹವನ್ನು ಯಾವ ಸಾರ್ವಜನಿಕ ವಿಧಿಯೂ ಇಲ್ಲದೆ ಮನೆಗೆ ತರಬೇಕು. ಸಮಾಧಿ ಮಗಳು ಆನ್ ಮಲಗಿರುವುದೇ, ಒಂದು ದಿನ ಹೆಂಡತಿಯೂ ಮಲಗುವುದು. ಕಲ್ಲಿನ ಮೇಲೆ ‘ಚಾರ್ಲ್ಸ್ ಡಿ ಗಾಲ್, 1890’, ಆಮೇಲೆ ಚುಕ್ಕಿಗಳು. ಬೇರೇನೂ ಬೇಡ. ಏರ್ಪಾಡು ಮಾಡುವವರು ಮಗ, ಮಗಳು, ಅಳಿಯ, ಸೊಸೆ. ರಾಷ್ಟ್ರೀಯ ಗೌರವದ ಅಂತ್ಯಕ್ರಿಯೆ ಬೇಡ. ಅಧ್ಯಕ್ಷರು, ಮಂತ್ರಿಗಳು, ಶಾಸನಸಭೆಯ ಪದಾಧಿಕಾರಿಗಳು ಬೇಡ. ಸೇನೆ ಮಾತ್ರ ಬರಬಹುದು, ಅದೂ ತೀರ ಸಣ್ಣದಾಗಿ, ಬ್ಯಾಂಡು, ಕಹಳೆ ಇಲ್ಲದೆ. ಚರ್ಚಿನಲ್ಲಾಗಲೀ ಬೇರೆಲ್ಲಾಗಲೀ ಭಾಷಣ ಕೂಡದು, ಪಾರ್ಲಿಮೆಂಟಿನಲ್ಲಿ ಚರಮ ನುಡಿಯೂ ಕೂಡದು. ಕಾದಿರಿಸಿದ ಜಾಗ ಮೂರು ಗುಂಪಿಗೆ ಮಾತ್ರ: ಮನೆಯವರಿಗೆ, ಯುದ್ಧಕಾಲದ ಹೋರಾಟಕ್ಕೆ ವಿಮೋಚನಾ ಪದಕ ಪಡೆದ ಸಂಗಾತಿಗಳಿಗೆ, ಕೊಲೊಂಬೆಯ ಪಂಚಾಯಿತಿ ಸದಸ್ಯರಿಗೆ. ಫ್ರಾನ್ಸಿನ ಮತ್ತು ಬೇರೆ ದೇಶಗಳ ಗಂಡಸರು, ಹೆಂಗಸರು ಬಯಸಿದರೆ ಜೊತೆಗೆ ನಡೆಯಬಹುದು, ಮೌನವಾಗಿ. ಸತ್ತ ಮೇಲೆ ಯಾವ ಬಿರುದು, ಪದಕ, ಬಡ್ತಿ ಕೊಟ್ಟರೂ ಅದು ನನ್ನ ಇಚ್ಛೆಯ ಉಲ್ಲಂಘನೆ.

ಇದನ್ನು ವಿನಯದ ಪತ್ರ ಎಂದು ಓದುವುದು ತಪ್ಪು. ಹೆಮ್ಮೆ ಅದರ ತುಂಬ ಇದೆ. ಲೋಕದ ಜನ ಬರುತ್ತಾರೆ ಎಂದು ಅಧಿಕಾರದಲ್ಲಿಲ್ಲದ ಮನುಷ್ಯ ಅಂದುಕೊಂಡು ಬರೆದದ್ದು ಅದು. ನನ್ನ ಗಮನ ಸೆಳೆಯುವುದು ಅದರ ಗುಮಾಸ್ತಗಿರಿ. ‘ಸರಳವಾಗಿ ಮಾಡಿ’ ಎಂದಷ್ಟೇ ಬರೆದಿದ್ದರೆ ಆ ಮಾತಿಗೆ ಹತ್ತು ಜನ ಹತ್ತು ಅರ್ಥ ಮಾಡುತ್ತಿದ್ದರು. ಒಬ್ಬ ಮಂತ್ರಿಗೆ ಸರಳವೆಂದರೆ ಇಪ್ಪತ್ತೊಂದರ ಬದಲು ಹನ್ನೊಂದು ತೋಪು. ಇವರು ಕುರ್ಚಿ ಯಾರಿಗೆ ಎಂದೇ ಬರೆದರು. ಬೇಡ ಎಂದದ್ದಕ್ಕೆಲ್ಲ ಎದುರಿಗೆ ಏನು ಇರಲಿ ಎಂದೂ ಬರೆದರು: ಸರ್ಕಾರ ಬೇಡ, ಸೇನೆ ಇರಲಿ, ಗಣ್ಯರು ಬೇಡ, ಪಂಚಾಯಿತಿ ಇರಲಿ, ಮಾತು ಬೇಡ, ಜನ ಇರಲಿ.

ಹಿಂದೆ ಕಾನೂನಿನ ಬೆನ್ನೆಲುಬೂ ಇತ್ತು. 1887ರ ನವೆಂಬರ್ 15ರ ಕಾನೂನಿನ ಪ್ರಕಾರ ಫ್ರಾನ್ಸಿನಲ್ಲಿ ಉಯಿಲು ಬರೆಯಲು ಅರ್ಹನಾದ ಯಾರೇ ಆಗಲಿ ತನ್ನ ಅಂತ್ಯಕ್ರಿಯೆ ಹೇಗಿರಬೇಕೆಂದು ನಿರ್ಧರಿಸಬಹುದು. ಅದಕ್ಕೆ ವಿರುದ್ಧವಾಗಿ ನಡೆಸಿದವರಿಗೆ ಶಿಕ್ಷೆಯಿದೆ. ಆ ಹಕ್ಕು ರಾಷ್ಟ್ರಪತಿಗೂ ಒಂದೇ, ಕೊಲೊಂಬೆಯ ಕುರಿಗಾಹಿಗೂ ಒಂದೇ.

ಇನ್ನೊಂದು ಜಾಣತನ ಪ್ರತಿಗಳದ್ದು. ಮೂರು ಪ್ರತಿ ಮಾಡಿಸಿದರು. ಒಂದು ಮಗ ಫಿಲಿಪ್‌ಗೆ, ಒಂದು ಮಗಳು ಎಲಿಸಬೆತ್‌ಗೆ, ಒಂದು ಆಗ ತಮ್ಮ ಆಪ್ತ ವಲಯದಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಪಾಂಪಿಡೂ ಎಂಬ ನಲವತ್ತರ ಮನುಷ್ಯನಿಗೆ.

1958ರಲ್ಲಿ ಡಿ ಗಾಲ್ ಮತ್ತೆ ಅಧಿಕಾರಕ್ಕೆ ಬಂದರು, ರಾಷ್ಟ್ರಪತಿಯಾದರು. ಕಾಗದವನ್ನು ಬದಲಿಸಲಿಲ್ಲ. 1964ರ ಡಿಸೆಂಬರ್ 19ರಂದು ಪ್ರತಿರೋಧ ಚಳವಳಿಯ ಹುತಾತ್ಮ ಜಾನ್ ಮೂಲಾಂ ಅವರ ಅಸ್ಥಿಯನ್ನು, ದೇಶದ ಹಿರಿಯರನ್ನು ಇರಿಸುವ ಪ್ಯಾರಿಸ್ಸಿನ ಪಾಂಥೆಯೋಂಗೆ ಸೇರಿಸಿದಾಗ ಆ ಚಳಿಯಲ್ಲಿ ಅವರು ಮೇಲುಕೋಟು ತೊಟ್ಟು ನಿಂತಿದ್ದರು. ಸರ್ಕಾರ ಸತ್ತವರನ್ನು ಹೇಗೆ ದೊಡ್ಡದಾಗಿ ಬಳಸಿಕೊಳ್ಳುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅವರೇ ಬಳಸಿಕೊಂಡರು ಕೂಡ. ತಮ್ಮದರ ಮಾತು ಬಂದಾಗ ಮಾತ್ರ ಹನ್ನೆರಡು ವರ್ಷದ ಹಿಂದಿನ ಕಾಗದ ಹಾಗೇ ಡ್ರಾಯರಿನಲ್ಲಿ ಉಳಿಯಿತು.

ಮೂರು ದಿನ

1969ರ ಏಪ್ರಿಲ್‌ನಲ್ಲಿ ಜನಮತಗಣನೆಯಲ್ಲಿ ಸೋತ ಮಾರನೆಯ ದಿನವೇ ಡಿ ಗಾಲ್ ಕೊಲೊಂಬೆಯಿಂದಲೇ ರಾಜೀನಾಮೆ ಕೊಟ್ಟರು. ಮುಂದಿನ ರಾಷ್ಟ್ರಪತಿ ಪಾಂಪಿಡೂ. ಅಷ್ಟರಲ್ಲಿ ಇಬ್ಬರ ನಡುವೆ ಹಳೆಯ ಸಲಿಗೆ ಉಳಿದಿರಲಿಲ್ಲ.

1970ರ ನವೆಂಬರ್ 9ರ ಸಂಜೆ, ರಾತ್ರಿಯೂಟಕ್ಕೆ ಮುಂಚೆ, ಇಸ್ಪೀಟಿನ ಎಲೆ ಹರಡಿಕೊಂಡು ಒಬ್ಬರೇ ಆಡುತ್ತ ಕೂತಿದ್ದವರು ಕುಸಿದರು. ಒಳಗೆ ದೊಡ್ಡ ರಕ್ತನಾಳ ಒಡೆದಿತ್ತು. ಎಂಬತ್ತು ತುಂಬಲು ಹದಿಮೂರು ದಿನ ಬಾಕಿ.

ಮೊದಲ ನಿರ್ಧಾರ ಹೆಂಡತಿ ಇವೊನ್ ಅವರದು. ಆ ರಾತ್ರಿ ಸುದ್ದಿ ಮನೆಯವರನ್ನೂ ಬೇಕಾದ ಕೆಲವರನ್ನೂ ಬಿಟ್ಟು ಹೊರಗೆ ಹೋಗಲಿಲ್ಲ. ಊರ ವೈದ್ಯರು, ಧರ್ಮಗುರು, ಮನೆ ಕೆಲಸದವರು, ಇಷ್ಟೇ. ದೇಶಕ್ಕೆ ಗೊತ್ತಾಗಿದ್ದು ಮರುದಿನ ಬೆಳಗ್ಗೆ. ಒಂದು ರಾತ್ರಿಯ ಈ ಮೌನವನ್ನು ಮುಂದೆ ಕೆಲವರು ಟೀಕಿಸಿದರು. ನನ್ನ ಮಟ್ಟಿಗೆ ಇಡೀ ಪ್ರಕರಣವನ್ನು ಕಾಪಾಡಿದ್ದೇ ಅದು. ಪೆಟ್ಟಿಗೆ ಊರ ಬಡಗಿ ಮಾಡಬೇಕು, ಬೇರೆಯವರಿಗೆ ಮಾಡುವಂಥದ್ದೇ ಓಕ್ ಮರದ್ದು. ಉದ್ದ ಮಾತ್ರ ಹೆಚ್ಚು ಬೇಕಿತ್ತು, ಮನುಷ್ಯ ಅಷ್ಟೆತ್ತರ. ಇಂಥ ಸಣ್ಣ ಸಂಗತಿಗಳು ಪ್ಯಾರಿಸ್ಸಿನಿಂದ ಮೊದಲ ಕಾರು ಬರುವ ಮೊದಲೇ ಹಳ್ಳಿಯ ಲೆಕ್ಕದಲ್ಲಿ ತೀರ್ಮಾನವಾಗಿಬಿಟ್ಟವು. ಸರ್ಕಾರಿ ಅಧಿಕಾರಿಯೊಬ್ಬ ಆ ರಾತ್ರಿಯೇ ಅಂಗಳಕ್ಕೆ ಕಾಲಿಟ್ಟಿದ್ದರೆ ಪೆಟ್ಟಿಗೆಯ ಮರದಿಂದ ಹಿಡಿದು ಎಲ್ಲಕ್ಕೂ ಒಂದು ಶಿಷ್ಟಾಚಾರದ ನಿಯಮ ಹೊರಬರುತ್ತಿತ್ತು.

ಎರಡನೆಯ ನಿರ್ಧಾರ ಪಾಂಪಿಡೂ ಅವರದು. ಸಂದಿಗ್ಧ ನೋಡಿ: ‘ರಾಷ್ಟ್ರಪತಿ ಬೇಡ’ ಎಂದು ಬರೆದ ಕಾಗದದ ಒಂದು ಪ್ರತಿ ಇದ್ದದ್ದು ಈಗಿನ ರಾಷ್ಟ್ರಪತಿಯ ಬಳಿ. ಬರೆದ ದಿನ ಅದು ಅವರಿಗೆ ಅನ್ವಯಿಸುವ ಮಾತಾಗಿರಲಿಲ್ಲ. ಈಗ ಅನ್ವಯಿಸುವುದು ಅವರೊಬ್ಬರಿಗೇ. ಕಾಗದ ಹದಿನೆಂಟು ವರ್ಷ ಹಳೆಯದು, ಪರಿಸ್ಥಿತಿ ಬದಲಾಗಿದೆ, ಆಮೇಲೆ ಅವರು ರಾಷ್ಟ್ರದ ಮುಖ್ಯಸ್ಥರೂ ಆಗಿದ್ದರಲ್ಲವೇ ಎಂದು ವಾದ ಹೂಡಲು ಬೇಕಾದಷ್ಟು ಎಡೆಯಿತ್ತು. ಮನೆಯವರ ಜೊತೆ ಮಾತಾಡಿ ‘ಸ್ವಲ್ಪ’ ಸಡಿಲಿಸಿಕೊಳ್ಳಬಹುದಿತ್ತು. ಅವರು ಆ ದಾರಿಗೇ ಹೋಗಲಿಲ್ಲ. ನವೆಂಬರ್ 10ರಂದೇ ಕಾಗದವನ್ನು ಇದ್ದ ಹಾಗೆ ಪ್ರಕಟಿಸಿದರು. ದೇಶಕ್ಕೆ ಟೆಲಿವಿಷನ್ನಿನಲ್ಲಿ ‘ಜನರಲ್ ಡಿ ಗಾಲ್ ತೀರಿಕೊಂಡರು, ಫ್ರಾನ್ಸ್ ವಿಧವೆಯಾಯಿತು’ ಎಂದರು.

ಪ್ರಕಟಿಸಿದ ಕ್ಷಣವೇ ಅದು ಮನೆಯವರ ಇಚ್ಛೆ ಹೋಗಿ ಎಲ್ಲರೂ ಓದಿದ ನಿಯಮವಾಯಿತು. ಇನ್ನು ‘ನನಗೊಂದು ವಿನಾಯಿತಿ’ ಎಂದು ಕೇಳುವವರು ಇಡೀ ದೇಶದ ಎದುರು ಕೇಳಬೇಕಿತ್ತು. ದುಃಖದಲ್ಲಿರುವ ಹೆಂಡತಿ, ಮಕ್ಕಳು ಒಬ್ಬೊಬ್ಬ ಗಣ್ಯರಿಗೂ ಬಾಗಿಲಲ್ಲಿ ನಿಂತು ‘ಇಲ್ಲ’ ಅನ್ನುವ ಕಷ್ಟ ತಪ್ಪಿತು. ಇಚ್ಛಾಪತ್ರಗಳ ವಿಚಾರದಲ್ಲಿ ನಾವು ಗುಟ್ಟನ್ನೇ ಗೌರವ ಅಂದುಕೊಳ್ಳುತ್ತೇವೆ. ಇಲ್ಲಿ ಗೌರವ ಉಳಿದದ್ದು ಬಹಿರಂಗವಾದ್ದರಿಂದ.

ಆದರೂ ಒಂದು ಒತ್ತಡ ಹಾಗೇ ಉಳಿದಿತ್ತು. ಲೋಕದ ನಾಯಕರು ಬರಲು ಹೊರಟಿದ್ದರು. ಅವರನ್ನು ಬೇಡ ಎನ್ನಲಾಗದು, ಕೊಲೊಂಬೆಗೆ ಕರೆಯಲೂ ಆಗದು. ಸಿಕ್ಕ ಪರಿಹಾರ ಹೀಗಿತ್ತು: ನವೆಂಬರ್ 12ರ ಬೆಳಗ್ಗೆ ಹನ್ನೊಂದಕ್ಕೆ ಪ್ಯಾರಿಸ್ಸಿನ ನೋತ್ರ್ ದಾಮ್ ಮಹಾಚರ್ಚಿನಲ್ಲಿ ಬಲಿಪೂಜೆ, ಮಧ್ಯಾಹ್ನ ಮೂರಕ್ಕೆ ಕೊಲೊಂಬೆಯಲ್ಲಿ ಮಣ್ಣು. ಬೆಳಗಿನದಕ್ಕೆ ನಿಕ್ಸನ್ ಬಂದರು, ಸೋವಿಯತ್ತಿನ ಪೊದ್ಗೋರ್ನಿ ಬಂದರು, ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿ, ಇಸ್ರೇಲಿನ ಬೆನ್ ಗುರಿಯನ್ ಬಂದರು. ಸುಮಾರು ಎಂಬತ್ತು ದೇಶಗಳ ಮುಖ್ಯಸ್ಥರು, ಪ್ರತಿನಿಧಿಗಳು. ನಡುವೆ ಪೆಟ್ಟಿಗೆ ಮಾತ್ರ ಇರಲಿಲ್ಲ. ದೇಹವಿಲ್ಲದ್ದರಿಂದ ಅದು ಅಂತ್ಯಕ್ರಿಯೆಯಲ್ಲ, ಪ್ರಾರ್ಥನೆ ಮಾತ್ರ. ಕಾಗದದ ಒಂದಕ್ಷರವೂ ಮುರಿಯಲಿಲ್ಲ. ಮಧ್ಯಾಹ್ನದ್ದಕ್ಕೆ ಗಣ್ಯರಿರಲಿಲ್ಲ. ಪಾಂಪಿಡೂ ಮತ್ತು ಪ್ರಧಾನಿ ಹಿಂದಿನ ದಿನವೇ ಸದ್ದಿಲ್ಲದೆ ಮನೆಗೆ ಬಂದು ಕೈಮುಗಿದು ಹೋಗಿದ್ದರು.

ಅಡ್ಡಿ ಒಡ್ಡಿದರೆ ನೀರು ಬೇರೆಡೆ ಹರಿಯುತ್ತದೆ, ತೂಬು ಎಲ್ಲಿಡಬೇಕು ಎಂಬುದಷ್ಟೇ ಪ್ರಶ್ನೆ. ಕಾಗದದಲ್ಲಿ ಈ ತೂಬು ಇರಲಿಲ್ಲ. ಅದನ್ನು ಕಂಡುಕೊಂಡದ್ದು ಉಳಿದವರು. ಈ ಪ್ರಕರಣದಲ್ಲಿ ಪಾಂಪಿಡೂಗೆ ಸಲ್ಲಬೇಕಾದ ಪಾಲು ಸಾಮಾನ್ಯವಾಗಿ ಸಲ್ಲುವುದಿಲ್ಲ, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ.

ಕೊಲೊಂಬೆಯ ಮಧ್ಯಾಹ್ನವನ್ನು ಚಿತ್ರಗಳಲ್ಲಿ ನೋಡಬಹುದು. ಗೋಪುರ ಕಳಚಿದ ಯುದ್ಧವಾಹನದ ಮೇಲೆ ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ. ಚರ್ಚಿನ ಬಾಗಿಲಿನಿಂದ ಹೆಗಲು ಕೊಟ್ಟವರು ಊರಿನ ಹನ್ನೆರಡು ಯುವಕರು. ಒಳಗೆ ಸಂಗಾತಿಗಳು ಇಕ್ಕಟ್ಟಿನಲ್ಲಿ ಕೂತಿದ್ದಾರೆ. ಪೂಜೆ ನಡೆಸಿದವರಲ್ಲಿ ಡಿ ಗಾಲ್ ಅವರ ಅಣ್ಣತಮ್ಮಂದಿರ ಮಗನೊಬ್ಬರಿದ್ದರು, ಆಫ್ರಿಕಾದಲ್ಲಿ ಸೇವೆ ಮಾಡಿದ ಧರ್ಮಗುರು. ಹೊರಗೆ ಬೀದಿ, ಹೊಲ ತುಂಬಿ ಸುಮಾರು 40,000 ಜನ. ಕೆಲವೇ ನೂರು ಮಂದಿಯ ಹಳ್ಳಿಗೆ ಅಷ್ಟು ಜನ! ಸ್ಮಶಾನದೊಳಗೆ ಒಂದಿಷ್ಟು ಮಂದಿಗಷ್ಟೇ ಜಾಗ. ಉಳಿದವರು ಸಾಲುಗಟ್ಟಿ, ರಾತ್ರಿ ಇಳಿದರೂ ಒಬ್ಬೊಬ್ಬರಾಗಿ ಬಂದು ಹೋದರು. ಭಾಷಣವಿಲ್ಲದ ಕಡೆ ಜನ ಏನು ಮಾಡುತ್ತಾರೆ ಎಂದು ಕೇಳುವವರಿಗೆ ಇದೇ ಉತ್ತರ: ನಡೆಯುತ್ತಾರೆ, ಕಾಯುತ್ತಾರೆ.

ಕಾಗದ ಮುಟ್ಟದ ಸಂಗತಿಗಳು

ಯಶಸ್ಸು ಅಲ್ಲಿಗೆ ಮುಗಿಯಿತು ಅಂದರೆ ಸುಳ್ಳಾಗುತ್ತದೆ. ನವೆಂಬರ್ 13ರಂದೇ ಪ್ಯಾರಿಸ್ ನಗರಸಭೆ ವಿಜಯ ಕಮಾನಿನ ಸುತ್ತಲಿನ ದೊಡ್ಡ ವೃತ್ತಕ್ಕೆ ಡಿ ಗಾಲ್ ಹೆಸರಿಟ್ಟಿತು. ಪದಕ ಬೇಡ, ಬಿರುದು ಬೇಡ ಎಂದು ಕಾಗದ ಹೇಳಿತ್ತು. ವೃತ್ತದ ಹೆಸರಿನ ಬಗ್ಗೆ ಏನೂ ಹೇಳಿರಲಿಲ್ಲ. 1972ರ ಜೂನ್ 18ರಂದು ಕೊಲೊಂಬೆಯ ಪಕ್ಕದ ಗುಡ್ಡದ ಮೇಲೆ 44 ಮೀಟರ್ ಮೀರಿದ ಲೊರೇನ್ ಶಿಲುಬೆ ಎದ್ದು ನಿಂತಿತು. ಯುದ್ಧಕಾಲದಲ್ಲಿ ಸ್ವತಂತ್ರ ಫ್ರಾನ್ಸಿನ ಗುರುತಾಗಿದ್ದ, ಎರಡು ಅಡ್ಡಪಟ್ಟಿಯ ಶಿಲುಬೆ ಅದು. ಉದ್ಘಾಟಿಸಿದವರು ಅದೇ ಪಾಂಪಿಡೂ. 2008ರಲ್ಲಿ ಗುಡ್ಡದ ಬುಡದಲ್ಲಿ ಸ್ಮಾರಕ ಸಂಗ್ರಹಾಲಯವೂ ಆಯಿತು, ಅದಕ್ಕೆ ಫ್ರಾನ್ಸಿನ ಸಾರ್ಕೋಜಿ, ಜರ್ಮನಿಯ ಮರ್ಕೆಲ್ ಬಂದರು. 1958ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಅಡೆನೌರ್ ಇದೇ ಹಳ್ಳಿಯ ಮನೆಯಲ್ಲಿ ರಾತ್ರಿ ತಂಗಿದ್ದರಲ್ಲ, ಆ ನೆನಪಿಗೆ.

ಇದನ್ನು ಇಚ್ಛೆಗೆ ಬಗೆದ ದ್ರೋಹ ಎನ್ನುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಅಷ್ಟೆತ್ತರದ ಶಿಲುಬೆ ಚೆಂದ ಅಂತಲ್ಲ. ಬಸ್ಸು, ಟಿಕೆಟ್ಟು, ಅಂಗಡಿ, ಪಾರ್ಕಿಂಗು ಎಲ್ಲವೂ ಗುಡ್ಡದ ಕಡೆ ಹೋದವು, ಸ್ಮಶಾನ ಸ್ಮಶಾನವಾಗಿಯೇ ಉಳಿಯಿತು. ನೋತ್ರ್ ದಾಮ್ ಒಂದು ದಿನಕ್ಕೆ ಮಾಡಿದ ಕೆಲಸವನ್ನು ಗುಡ್ಡ ಅರ್ಧ ಶತಮಾನದಿಂದ ಮಾಡುತ್ತಿದೆ. ಇಂಥದ್ದನ್ನು ನಿಭಾಯಿಸಬೇಕಾದ ಸಮಿತಿಗಳು ನೋಡಬೇಕಾದದ್ದು ಶಿಲುಬೆಯ ಎತ್ತರವನ್ನಲ್ಲ, ಅದಕ್ಕೂ ಸಮಾಧಿಗೂ ನಡುವೆ ಬಿಟ್ಟಿರುವ ದೂರವನ್ನು.

ಇವೊನ್ ತಮ್ಮ ಪಾಲಿನದನ್ನು ತಮ್ಮ ರೀತಿಯಲ್ಲಿ ಮಾಡಿದರು. ಗಂಡನ ಬಟ್ಟೆಬರೆಯನ್ನು ಸುಡಿಸಿಬಿಟ್ಟರು ಎಂದು ಹೇಳುತ್ತಾರೆ, ಯಾರ ಕೈಗೂ ಪೂಜೆಯ ವಸ್ತುವಾಗಿ ಸಿಗದಿರಲಿ ಎಂದು. ಕೊನೆಯ ದಿನಗಳನ್ನು ಪ್ಯಾರಿಸ್ಸಿನಲ್ಲಿ ಸನ್ಯಾಸಿನಿಯರ ಆಶ್ರಯದಲ್ಲಿ ಕಳೆದು, 1979ರ ನವೆಂಬರ್ 8ರಂದು ತೀರಿಕೊಂಡರು. ಅದೇ ಸಮಾಧಿ ತೆರೆಯಿತು, ಕಲ್ಲಿನ ಮೇಲೆ ಮೂರನೆಯ ಹೆಸರು ಬಂತು.

ಕಾಗದ ಖಂಡಿತ ಮುಟ್ಟದ ಸಂಗತಿ ನಡೆದದ್ದು 2017ರ ಮೇ 27ರ ಶನಿವಾರ. ಒಬ್ಬ ವ್ಯಕ್ತಿ ಸಮಾಧಿಯ ಮೇಲೆ ಹತ್ತಿ ಶಿಲುಬೆಗೆ ಒದ್ದ. ಆಳೆತ್ತರಕ್ಕೆ ತುಸು ಕಡಿಮೆಯ ಶಿಲುಬೆ ಬುಡದಲ್ಲಿ ಮುರಿದು ಬಿತ್ತು. ಕ್ಯಾಮೆರಾದಲ್ಲಿ ದಾಖಲಾಯಿತು, ಪಕ್ಷಭೇದವಿಲ್ಲದೆ ಖಂಡನೆಗಳು ಬಂದವು. ಸಮಾಧಿ ಅಪವಿತ್ರಗೊಳಿಸುವುದಕ್ಕೆ ಫ್ರಾನ್ಸಿನ ದಂಡಸಂಹಿತೆಯಲ್ಲಿ ಒಂದು ವರ್ಷದ ಸೆರೆ, 15,000 ಯೂರೊ ದಂಡದವರೆಗೆ ಶಿಕ್ಷೆಯಿದೆ. ಒದ್ದವನ ಕಣ್ಣಿಗೆ ಬಿದ್ದದ್ದು ಒಬ್ಬ ಜನರಲ್. ಒದೆ ಬಿದ್ದದ್ದು ಇಪ್ಪತ್ತು ವರ್ಷ ಬದುಕಿ, ಯಾರಿಗೂ ಏನೂ ಮಾಡದೆ ಹೋದ ಹುಡುಗಿಯ ಶಿಲುಬೆಗೂ ಹೌದು. ಸಣ್ಣ ಸ್ಮಶಾನದಲ್ಲಿ, ಬೇಲಿಯಿಲ್ಲದೆ, ಮನೆಯವರ ಜೊತೆ ಮಲಗುತ್ತೇನೆ ಅಂದವರು ತೆರುವ ಬೆಲೆ ಇದು. ಎತ್ತರದ ಗೋಡೆ, ಕಾವಲು ಪಡೆ ಬೇಡ ಎಂದ ಮೇಲೆ ನಂಬಿಕೆಯೊಂದೇ ಬೇಲಿ. ಊರಿನವರು ಹೆದರಿ ಗೋಡೆ ಎಬ್ಬಿಸಲಿಲ್ಲ. ಶಿಲುಬೆಯನ್ನು ಮತ್ತೆ ನಿಲ್ಲಿಸಿದರು, ಗೇಟು ಜನರಿಗೆ ತೆರೆದೇ ಇದೆ.

ಹಾಗಾದರೆ ಇದು ಬೇರೆಯವರಿಗೆ ದಾರಿಯಾಯಿತೇ? ಪಾಂಪಿಡೂ ಅಧಿಕಾರದಲ್ಲಿದ್ದಾಗಲೇ 1974ರ ಏಪ್ರಿಲ್ 2ರಂದು ತೀರಿಕೊಂಡರು. ಅವರೂ ಸರಳ ಅಂತ್ಯಕ್ರಿಯೆ ಬಯಸಿದ್ದರು. ಒರ್ವಿಲಿಯೇ ಎಂಬ ಹಳ್ಳಿಯ ಸ್ಮಶಾನದಲ್ಲಿ ಮಣ್ಣು ಮಾಡಿದರು, ವಿದೇಶಿ ಗಣ್ಯರಿಗಾಗಿ ನೋತ್ರ್ ದಾಮ್‌ನಲ್ಲಿ ಬೇರೆ ಪೂಜೆ ನಡೆಯಿತು. 1996ರ ಜನವರಿ 11ರಂದು, ರಾಷ್ಟ್ರಪತಿಯಾಗಿದ್ದ ಮಿತ್ತೆರಾಂ ಅವರಿಗೂ ಹಾಗೇ ಆಯಿತು: ಹುಟ್ಟೂರು ಜಾರ್ನಾಕ್‌ನಲ್ಲಿ ಮನೆಯವರ ನಡುವೆ ಮಣ್ಣು, ಅದೇ ದಿನ ನೋತ್ರ್ ದಾಮ್‌ನಲ್ಲಿ ಲೋಕದ ನಾಯಕರು. ಜೀವಮಾನವಿಡೀ ಡಿ ಗಾಲ್ ಅವರನ್ನು ವಿರೋಧಿಸಿದ ಮನುಷ್ಯ ಮಿತ್ತೆರಾಂ. 1970ರಲ್ಲಿ ಮೂರು ದಿನದ ಅವಸರದಲ್ಲಿ ಹೊಳೆದ ಏರ್ಪಾಡು ಅವರಿಗೂ ಒದಗಿತು.

ಕಾಗದದ ಪ್ರತಿ ಪಡೆದ ಮೂವರಲ್ಲಿ ಪಾಂಪಿಡೂ ಒರ್ವಿಲಿಯೇಯಲ್ಲಿ ಮಲಗಿದ್ದಾರೆ. ಎಲಿಸಬೆತ್ 2013ರಲ್ಲಿ ತೀರಿಕೊಂಡು ಕೊಲೊಂಬೆಗೆ ಬಂದರು. ಅವರ ಗಂಡ ಏಳು ವರ್ಷ ಮೊದಲೇ ಬಂದಿದ್ದರು. ಫಿಲಿಪ್ ನೌಕಾಪಡೆಯ ಅಡ್ಮಿರಲ್ ಆಗಿದ್ದವರು, 102 ವರ್ಷ ಬದುಕಿ 2024ರ ಮಾರ್ಚ್ 13ರಂದು ತೀರಿಕೊಂಡರು. ಮಗನಿಗೆ ಪ್ಯಾರಿಸ್ಸಿನ ಇನ್‌ವಲೀಡ್ ಎಂಬ ಸೇನಾ ಸ್ಮಾರಕದ ಅಂಗಳದಲ್ಲಿ ರಾಷ್ಟ್ರದ ಗೌರವ ಸಂದಿತು, ರಾಷ್ಟ್ರಪತಿಯೇ ಬಂದಿದ್ದರು. ಆಮೇಲೆ ಅವರನ್ನೂ ಕೊಲೊಂಬೆಗೆ ತಂದು, ಅಪ್ಪ, ಅಮ್ಮ, ತಂಗಿ ಇರುವ ಆ ಸ್ಮಶಾನದಲ್ಲೇ ಮಣ್ಣು ಮಾಡಿದರು.